ಕಾಮಾಲೆ ಅಂತ ಕಾಯಬೇಡಿ

ಕಣ್ಣು ಹಳದಿಯಾದರೆ ನಾಟಿ ಔಷಧಿ, ಹೊಟ್ಟೆ ಉರಿದರೆ ಗ್ಯಾಸ್ಟ್ರಿಕ್ ಮಾತ್ರೆ. ನಮ್ಮಲ್ಲಿ ಬಹಳ ಮನೆಗಳ ಕಥೆ ಇಷ್ಟೇ. ಆದರೆ ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್ ಇದೇ ವೇಷದಲ್ಲಿ ಮನೆಯೊಳಗೆ ಬರುತ್ತದೆ. ಅದು ಬಂದ ಮನೆಗೆ ಎಲ್ಲಕ್ಕಿಂತ ಕಡಿಮೆ ಇರುವುದು ಸಮಯ. ಆ ಸಮಯ ಪೋಲಾಗದಂತೆ ನೋಡಿಕೊಳ್ಳುವುದರಲ್ಲಿ ನಿಮ್ಮ ಪಾಲೂ ಇದೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಕಣ್ಣು ಹಳದಿಯಾದರೆ ಮೊದಲು ಏನು ಮಾಡುತ್ತೀರಿ? ನಿಜ ಹೇಳಿ. ನಾವಂತೂ ನೆಲನೆಲ್ಲಿ ಹುಡುಕಿಕೊಂಡು ಹೋದೆವು.

2023ರ ಸಂಕ್ರಾಂತಿ ಸಮಯ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡಿಸುತ್ತಿದ್ದ ನನ್ನ ದೊಡ್ಡಪ್ಪನಿಗೆ ಆಗ ಐವತ್ತೆಂಟು ವರ್ಷ. ಬೆಳಗ್ಗೆ ಎದ್ದು ಗೂಡಿನ ಮಾರುಕಟ್ಟೆಗೆ ಹೋಗುವುದನ್ನು ಒಂದು ದಿನವೂ ತಪ್ಪಿಸಿದವರಲ್ಲ. ಅವರೆಕಾಯಿ ಕಾಲ ಬಂದರೆ ಹಿತಕಿದ ಬೇಳೆ ಸಾರಿಗೆ ಎರಡು ಮುದ್ದೆ ಮುಗಿಸುತ್ತಿದ್ದವರು ಆ ವರ್ಷ ಅರ್ಧ ಮುದ್ದೆಗೇ ಕೈ ತೊಳೆದರು. 'ಯಾಕೋ ರುಚೀನೇ ಇಲ್ಲ ಕಣಮ್ಮ' ಅಂದರು. ವಾರದೊಳಗೆ ಕಣ್ಣು ಅರಿಶಿನದ ಹಾಗಾಯಿತು. ಜ್ವರ ಇಲ್ಲ, ವಾಂತಿ ಇಲ್ಲ. ರಾತ್ರಿಯೆಲ್ಲ ಮೈ ಕೆರೆದುಕೊಳ್ಳುತ್ತಿದ್ದರು.

ನಮ್ಮ ಕಡೆ ಮನೆಮಾತು ಅರ್ಧ ತೆಲುಗು. 'ಕಾಮೆರ್ಲು' ಅಂದರು ಎಲ್ಲರೂ. ಕಾಮಾಲೆಗೆ ಆಸ್ಪತ್ರೆಯಲ್ಲಿ ಔಷಧಿ ಇಲ್ಲ, ನಾಟಿ ಔಷಧಿಯೇ ಸರಿ ಎಂಬ ಮಾತು ನಿಮಗೂ ಗೊತ್ತಿರುತ್ತದೆ. ಗಡಿಯ ಹಳ್ಳಿಯೊಂದರಲ್ಲಿ ಔಷಧಿ ಕೊಡುವವರ ಹತ್ತಿರ ಮೂರು ಭಾನುವಾರ ಕರೆದುಕೊಂಡು ಹೋದರು. ಚಿಕ್ಕಬಳ್ಳಾಪುರದ ನಮ್ಮ ಮನೆ ಹಿತ್ತಲಿನಿಂದ ನೆಲನೆಲ್ಲಿ ಕಿತ್ತು, ತೊಳೆದು, ಅಣ್ಣನ ಕೈಲಿ ಕಳಿಸುತ್ತಿದ್ದವಳು ನಾನೇ. ಉಪ್ಪಿಲ್ಲ, ಎಣ್ಣೆಯಿಲ್ಲ, ಒಗ್ಗರಣೆಯಿಲ್ಲ. ಬರೀ ಗಂಜಿ, ಮಜ್ಜಿಗೆಯ ಪಥ್ಯ. ದೊಡ್ಡಪ್ಪ ಇಳಿದು ಹೋಗುತ್ತಿದ್ದರು. 'ಪಥ್ಯ ಅಲ್ವಾ, ಇಳೀತಾರೆ' ಅಂತ ನಾವೇ ಸಮಾಧಾನ ಹೇಳಿಕೊಂಡೆವು.

ಯುಗಾದಿ ಹೊತ್ತಿಗೆ ಮೂತ್ರ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಆಗ ಸ್ಕ್ಯಾನ್ ಮಾಡಿಸಿದೆವು. ಬೆಂಗಳೂರಿನ ಡಾಕ್ಟರು ಸಿ.ಟಿ. ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು, 'ಮೇದೋಜ್ಜೀರಕ ಗ್ರಂಥಿಯಲ್ಲಿ ಗೆಡ್ಡೆ ಇದೆ, ಪಕ್ಕದ ರಕ್ತನಾಳಕ್ಕೆ ಅಂಟಿಕೊಂಡಿದೆ, ಆಪರೇಷನ್ ಕಷ್ಟ' ಅಂದರು. ಆ ಎರಡು ತಿಂಗಳು ಕಳೆಯದಿದ್ದರೆ ಆಪರೇಷನ್ ಆಗುತ್ತಿತ್ತಾ? ಡಾಕ್ಟರು ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಆ ಪ್ರಶ್ನೆ ನನ್ನ ಜೊತೆಯೇ ಉಳಿದಿದೆ. ನಿಮ್ಮ ಜೊತೆ ಉಳಿಯಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಎಲ್ಲಿದೆ ಈ ಗ್ರಂಥಿ?

ಹೆಸರೇ ಬಾಯಿಗೆ ಬರುವುದಿಲ್ಲ ಅಂತೀರಾ? ಡಾಕ್ಟರುಗಳು ಪ್ಯಾಂಕ್ರಿಯಾಸ್ ಅನ್ನುತ್ತಾರೆ. ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ ಅಡ್ಡಲಾಗಿ ಮಲಗಿರುವ, ಸುಮಾರು 15 ಸೆಂಟಿಮೀಟರ್ ಉದ್ದದ ಗ್ರಂಥಿ ಇದು. ಎರಡು ಕೆಲಸ ಮಾಡುತ್ತದೆ. ಒಂದು, ನಾವು ತಿಂದದ್ದನ್ನು, ಮುಖ್ಯವಾಗಿ ಎಣ್ಣೆ-ಜಿಡ್ಡನ್ನು ಕರಗಿಸುವ ರಸ ತಯಾರಿಸುವುದು. ಇನ್ನೊಂದು, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಕೊಡುವುದು.

ಅಷ್ಟು ಒಳಗೆ ಅಡಗಿರುವುದರಿಂದ ಅಲ್ಲಿ ಗೆಡ್ಡೆ ಬೆಳೆದರೆ ಕೈಗೆ ಸಿಗುವುದಿಲ್ಲ, ಬೇಗ ನೋವೂ ಕೊಡುವುದಿಲ್ಲ. ಕಾಯಿಲೆ ಗೊತ್ತಾದ ದಿನ ಆಪರೇಷನ್ ಮಾಡುವ ಸ್ಥಿತಿಯಲ್ಲಿ ಇರುವವರು ನೂರಕ್ಕೆ 15ರಿಂದ 20 ಮಂದಿ ಮಾತ್ರ. 2022ರಲ್ಲಿ ಪ್ರಪಂಚದಲ್ಲಿ 5.10 ಲಕ್ಷ ಜನರಿಗೆ ಇದು ಹೊಸದಾಗಿ ಪತ್ತೆಯಾಯಿತು, 4.67 ಲಕ್ಷ ಜನ ತೀರಿಕೊಂಡರು ಎಂಬುದು ಅಂತರರಾಷ್ಟ್ರೀಯ ಅಂದಾಜು. ಎರಡು ಅಂಕಿಗಳೂ ಎಷ್ಟು ಹತ್ತಿರ ಇವೆ ನೋಡಿ. ನೆರೆಯ ಗೋವಾದ ಮುಖ್ಯಮಂತ್ರಿಯಾಗಿದ್ದ ಮನೋಹರ ಪರಿಕ್ಕರ್ 2018ರ ಫೆಬ್ರುವರಿಯಲ್ಲಿ ಆಸ್ಪತ್ರೆ ಸೇರಿದರು, 2019ರ ಮಾರ್ಚ್ 17ರಂದು ತೀರಿಕೊಂಡರು. ಅಷ್ಟು ದೊಡ್ಡವರಿಗೂ ಸಿಕ್ಕ ಸಮಯ ಒಂದು ವರ್ಷದ ಮೇಲೆ ಸ್ವಲ್ಪ.

ಹೆದರಿಸಲು ಹೇಳುತ್ತಿಲ್ಲ. ನಮ್ಮ ದೇಶದಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರಿಗೆ ಹೋಲಿಸಿದರೆ ಇದು ಬಹಳ ಕಡಿಮೆ. ಆದರೆ ಬಂದವರಿಗೆ ಒಂದೊಂದು ವಾರವೂ ಮುಖ್ಯ.

ಈ ಕಾಮಾಲೆ ಬೇರೆ, ಆ ಕಾಮಾಲೆ ಬೇರೆ

ನಾವು ಸಾಮಾನ್ಯವಾಗಿ ನೋಡುವ ಕಾಮಾಲೆ ಕೆಟ್ಟ ನೀರು, ಆಹಾರದಿಂದ ಬರುವ ವೈರಸ್ಸಿನದು. ಮೊದಲು ಜ್ವರ, ವಾಕರಿಕೆ, ಸುಸ್ತು. ಆಮೇಲೆ ಕಣ್ಣು ಹಳದಿ. ಕೆಲವು ವಾರಗಳಲ್ಲಿ ಹೆಚ್ಚಿನವರಿಗೆ ತಾನಾಗಿಯೇ ಇಳಿಯುತ್ತದೆ. ತಾನಾಗಿ ಇಳಿದದ್ದಕ್ಕೆ ಹೆಸರು ಬರುವುದು ಮಾತ್ರ ಸೊಪ್ಪಿನ ರಸಕ್ಕೆ! ನಾಟಿ ಔಷಧಿಯ ಮೇಲೆ ನಮಗೆ ಇಷ್ಟು ನಂಬಿಕೆ ಬಂದದ್ದು ಹೀಗೆಯೇ.

ಗ್ರಂಥಿಯ ತಲೆಭಾಗದಲ್ಲಿ ಗೆಡ್ಡೆ ಬೆಳೆದಾಗ ಆಗುವುದೇ ಬೇರೆ. ಪಿತ್ತರಸ ಕರುಳಿಗೆ ಇಳಿಯುವ ನಾಳ ಅದರ ಪಕ್ಕದಲ್ಲೇ ಹೋಗುತ್ತದೆ. ಗೆಡ್ಡೆ ಅದನ್ನು ಒತ್ತುತ್ತದೆ. ಗದ್ದೆಗೆ ಹೋಗುವ ಕಾಲುವೆಗೆ ಕಲ್ಲು ಅಡ್ಡ ಬಿದ್ದಂತೆ ಪಿತ್ತ ಹಿಂದಕ್ಕೆ ನಿಂತು ರಕ್ತಕ್ಕೆ ಸೇರುತ್ತದೆ. ಕಲ್ಲು ಎತ್ತದೆ ಯಾವ ಸೊಪ್ಪು ಅರೆದು ಕುಡಿಸಿದರೂ ಕಾಲುವೆ ಹರಿಯುವುದಿಲ್ಲ. ಇನ್ನು ಬರೆ ಹಾಕಿಸುವುದು, ಕಣ್ಣಿಗೆ ಮೂಗಿಗೆ ರಸ ಬಿಡಿಸುವುದು ಖಂಡಿತ ಬೇಡ. ಗಾಯ ಕೀವಾಗುತ್ತದೆ, ಕಣ್ಣಿಗೆ ಅಪಾಯ, ದಿನವಂತೂ ಹೋಗಿಯೇ ಹೋಗುತ್ತದೆ.

ಈ ಲಕ್ಷಣಗಳನ್ನು ಗಮನಿಸಿ:

* ಜ್ವರ, ನೋವು ಇಲ್ಲದೆ ಕಣ್ಣು ಹಳದಿಯಾಗುವುದು, ಜೊತೆಗೆ ಮೈತುಂಬ ನವೆ.
* ಮೂತ್ರ ಡಿಕಾಕ್ಷನ್ ಬಣ್ಣ, ಮಲ ಬಿಳಿ ಮಣ್ಣಿನ ಬಣ್ಣ.
* ಮಲ ಜಿಡ್ಡುಜಿಡ್ಡಾಗಿ ನೀರಿನ ಮೇಲೆ ತೇಲುವುದು, ಎಷ್ಟು ನೀರು ಹಾಕಿದರೂ ಹೋಗದಿರುವುದು.
* ಮೇಲ್ಹೊಟ್ಟೆಯ ನೋವು ಬೆನ್ನಿಗೆ ಹೋಗುವುದು. ಮಲಗಿದರೆ ಜಾಸ್ತಿ, ಮುಂದಕ್ಕೆ ಬಗ್ಗಿ ಕೂತರೆ ಕಡಿಮೆ.
* ಕಾರಣವಿಲ್ಲದೆ ತೂಕ ಇಳಿಯುವುದು, ಊಟ ಸೇರದಿರುವುದು.
* ಐವತ್ತು ದಾಟಿದ ಮೇಲೆ ಇದ್ದಕ್ಕಿದ್ದಂತೆ ಶುಗರ್ ಕಾಣಿಸಿಕೊಂಡು, ಅದೇ ಹೊತ್ತಿಗೆ ತೂಕವೂ ಇಳಿಯುವುದು. ಇದ್ದ ಶುಗರ್ ಕಾರಣವಿಲ್ಲದೆ ಹತೋಟಿ ತಪ್ಪುವುದೂ ಇದೇ ಲೆಕ್ಕ.

ಇವುಗಳಲ್ಲಿ ಒಂದು ಕಂಡರೆ ಕ್ಯಾನ್ಸರ್ ಅಂದುಕೊಳ್ಳಬೇಡಿ. ಪಿತ್ತಕೋಶದ ಕಲ್ಲಿನಿಂದಲೂ ಕಣ್ಣು ಹಳದಿಯಾಗುತ್ತದೆ. ಶುಗರ್ ಬಂದ ಹೆಚ್ಚಿನವರಿಗೆ ಅದು ಬರೀ ಶುಗರ್. ಆದರೆ ಎರಡು ಮೂರು ಒಟ್ಟಿಗೆ ಬಂದರೆ ಕಾಯಬೇಡಿ. ಅದೇ ವಾರ ರಕ್ತಪರೀಕ್ಷೆ ಮತ್ತು ಹೊಟ್ಟೆಯ ಸ್ಕ್ಯಾನ್ ಮಾಡಿಸಿ. ನಿಮ್ಮ ತಾಲ್ಲೂಕು ಆಸ್ಪತ್ರೆ ಇಲ್ಲವೇ ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯಿಂದ ಶುರು ಮಾಡಿ. ಒಂದು ಮಾತು ನೆನಪಿರಲಿ. ಹೊಟ್ಟೆಯ ಗ್ಯಾಸ್ ಅಡ್ಡ ಬಂದು ಸಾಮಾನ್ಯ ಅಲ್ಟ್ರಾಸೌಂಡಿನಲ್ಲಿ ಈ ಗ್ರಂಥಿ ಕಾಣದೆ ಹೋಗಬಹುದು. 'ಸ್ಕ್ಯಾನ್ ನಾರ್ಮಲ್' ಅಂದರೂ ತೊಂದರೆ ಮುಂದುವರಿದರೆ, 'ಸಿ.ಟಿ. ಬೇಕಾಗುತ್ತಾ ಡಾಕ್ಟ್ರೇ?' ಅಂತ ನೀವೇ ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ.

ಓದು ಬರಹ ಇಲ್ಲದವರು ಮಾತ್ರ ಹೀಗೆ ತಡ ಮಾಡುತ್ತಾರೆ ಅಂದುಕೊಳ್ಳಬೇಡಿ. ಆಪಲ್ ಕಂಪನಿಯ ಸ್ಟೀವ್ ಜಾಬ್ಸ್‌ಗೆ 2003ರ ಅಕ್ಟೋಬರಿನಲ್ಲಿ ಇದೇ ಗ್ರಂಥಿಯಲ್ಲಿ, ನಿಧಾನವಾಗಿ ಬೆಳೆಯುವ ಅಪರೂಪದ ಬಗೆಯ ಗೆಡ್ಡೆ ಪತ್ತೆಯಾಯಿತು. ಅವರು ಪಥ್ಯ, ಸೂಜಿಚಿಕಿತ್ಸೆ ಅಂತ ತಿಂಗಳುಗಳನ್ನು ಕಳೆದು, 2004ರ ಜುಲೈನಲ್ಲಿ ಆಪರೇಷನ್ ಮಾಡಿಸಿಕೊಂಡರು. 2011ರಲ್ಲಿ ತೀರಿಕೊಂಡರು. ಹೊಟ್ಟೆ ಕೊಯ್ಯಿಸಿಕೊಳ್ಳುವ ಭಯ ಎಲ್ಲರಿಗೂ ಒಂದೇ.

ಯಾರಿಗೆ ಬರುತ್ತದೆ?

ವಯಸ್ಸಾದಂತೆ ಅಪಾಯ ಹೆಚ್ಚು. ಬೀಡಿ-ಸಿಗರೇಟು ಸೇದುವವರಿಗೆ ಸೇದದವರ ಎರಡರಷ್ಟು ಅಪಾಯ. ಬೊಜ್ಜು, ಬಹಳ ವರ್ಷದ ಸಕ್ಕರೆ ಕಾಯಿಲೆ, ವಿಪರೀತ ಕುಡಿತದಿಂದ ಗ್ರಂಥಿ ಮತ್ತೆ ಮತ್ತೆ ಊದಿಕೊಳ್ಳುವುದು ಕೂಡ ಕಾರಣಗಳು. ನಮ್ಮ ದಕ್ಷಿಣ ಭಾರತದಲ್ಲಿ ಕುಡಿತದ ಸೋಂಕೇ ಇಲ್ಲದ ಚಿಕ್ಕ ವಯಸ್ಸಿನವರಿಗೂ ಗ್ರಂಥಿಯಲ್ಲಿ ಕಲ್ಲು ಕಟ್ಟುವ ಒಂದು ಕಾಯಿಲೆ ಇದೆ. ಅಂಥವರು ವರ್ಷವರ್ಷ ತೋರಿಸಿಕೊಳ್ಳುತ್ತಲೇ ಇರಬೇಕು. ನೂರರಲ್ಲಿ ಸುಮಾರು ಹತ್ತು ಮಂದಿಗೆ ಇದು ವಂಶದಲ್ಲಿ ಬರುತ್ತದೆ. ತಂದೆ, ಅಣ್ಣ ಹೀಗೆ ಇಬ್ಬರಿಗೆ ಬಂದಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ.

ಯಾವ ಕೆಟ್ಟ ಅಭ್ಯಾಸವೂ ಇಲ್ಲದವರಿಗೂ ಬರುತ್ತದೆ. ದೊಡ್ಡಪ್ಪ ಒಂದು ಬೀಡಿ ಸೇದಿದವರಲ್ಲ. ಆದ್ದರಿಂದ 'ಏನು ಮಾಡಿಕೊಂಡಿದ್ದರೋ' ಅಂತ ಮಾತಾಡುವುದು ಬೇಡ. ಇದು ಅಂಟುರೋಗವೂ ಅಲ್ಲ. ಅವರ ತಟ್ಟೆ, ಲೋಟ, ಹಾಸಿಗೆ ಬೇರೆ ಇಡಬೇಕಿಲ್ಲ. ಮೊಮ್ಮಕ್ಕಳನ್ನು ದೂರ ಇಡಬೇಕಿಲ್ಲ.

ಚಿಕಿತ್ಸೆ ಏನು? ಎಲ್ಲಿ?

ಗೆಡ್ಡೆ ಹರಡಿರದಿದ್ದರೆ ಆಪರೇಷನ್ನೇ ಮುಖ್ಯ ದಾರಿ. ತಲೆಭಾಗದ ಗೆಡ್ಡೆಗೆ ಮಾಡುವುದನ್ನು ವಿಪಲ್ ಆಪರೇಷನ್ ಅನ್ನುತ್ತಾರೆ. ಗಂಟೆಗಟ್ಟಲೆ ಹಿಡಿಯುವ ದೊಡ್ಡ ಆಪರೇಷನ್ನು. ಹಾಗಾಗಿ ಇದನ್ನು ಆಗಾಗ ಮಾಡಿ ಪಳಗಿದವರ ಕೈಯಲ್ಲೇ ಆಗಬೇಕು. ಕೆಲವರಿಗೆ ಮೊದಲು ಕೀಮೋ ಕೊಟ್ಟು ಗೆಡ್ಡೆ ಕುಗ್ಗಿಸಿ ಆಮೇಲೆ ಆಪರೇಷನ್ ಮಾಡುತ್ತಾರೆ. ಹರಡಿದ್ದರೆ ಕೀಮೋದಿಂದ ಆಯಸ್ಸು ಸ್ವಲ್ಪ ಹೆಚ್ಚಿಸಬಹುದು, ತೊಂದರೆ ತಗ್ಗಿಸಬಹುದು. ಕಾಮಾಲೆ ಇಳಿಸಲು ಬಾಯಿಯ ಮೂಲಕ ಟ್ಯೂಬ್ ಇಳಿಸಿ, ಪಿತ್ತನಾಳದಲ್ಲಿ ಸ್ಟೆಂಟ್ ಕೂರಿಸುತ್ತಾರೆ. ದೊಡ್ಡಪ್ಪನಿಗೆ ಸ್ಟೆಂಟ್ ಹಾಕಿದ ಮೇಲೆ ಕೆಲವೇ ದಿನದಲ್ಲಿ ನವೆ ನಿಂತಿತು. ಎರಡು ತಿಂಗಳಾದ ಮೇಲೆ ಮೊದಲ ಸಲ ರಾತ್ರಿ ನಿದ್ದೆ ಮಾಡಿದರು.

ಬೆಂಗಳೂರಿನಲ್ಲಿ 1973ರಿಂದ ಇರುವ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ನಮಗೆಲ್ಲ ಗೊತ್ತಿರುವ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಜಠರ, ಕರುಳು, ಪಿತ್ತಜನಕಾಂಗದ ಕಾಯಿಲೆಗಳಿಗೇ ಮೀಸಲಾದ ಸರ್ಕಾರಿ ಸಂಸ್ಥೆ ಇದೆ. ಬಿ.ಪಿ.ಎಲ್. ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎ.ಪಿ.ಎಲ್.ನವರಿಗೂ ನಿಗದಿತ ದರದ ಶೇಕಡ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ನೆರವಿದೆ. ಊರಿನ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕಾಗುತ್ತದೆ. ಆಧಾರ್, ರೇಷನ್ ಕಾರ್ಡ್ ಜೊತೆ ಅದನ್ನೂ ಮೊದಲೇ ಇಟ್ಟುಕೊಳ್ಳಿ. ಗೌರಿಬಿದನೂರಿನ ಕಡೆಯಿಂದ ರೈಲಿನಲ್ಲಿ ಓಡಾಡುವವರಿಗೆ ಇನ್ನೊಂದು ಮಾತು. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಯ ಒಬ್ಬರಿಗೂ ರೈಲ್ವೆಯಲ್ಲಿ ಟಿಕೆಟ್ ರಿಯಾಯಿತಿ ಇದೆ. ಆಸ್ಪತ್ರೆಯಲ್ಲಿ ಅದರ ನಮೂನೆ ತುಂಬಿಸಿಕೊಳ್ಳಿ.

ಮನೆಯಲ್ಲಿ ನೋಡಿಕೊಳ್ಳುವವರಿಗೆ

ಊಟ: ಮೂರು ಹೊತ್ತು ತಟ್ಟೆ ತುಂಬ ಬಡಿಸಿ 'ತಿನ್ನಿ ತಿನ್ನಿ' ಅನ್ನಬೇಡಿ. ದಿನಕ್ಕೆ ಆರೇಳು ಸಲ ಸ್ವಲ್ಪ ಸ್ವಲ್ಪ ಕೊಡಿ. ರಾಗಿ ಹುರಿಹಿಟ್ಟು, ಮೊಸರನ್ನ, ಮೆತ್ತಗಿನ ಮುದ್ದೆ, ಬೇಳೆಕಟ್ಟು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಯಾವುದು ಸೇರುತ್ತದೋ ಅದು. ಸಪ್ಪೆ ಪಥ್ಯ ಮಾಡಿಸಿ ಇದ್ದ ಶಕ್ತಿಯನ್ನೂ ಕಳೆಯಬೇಡಿ. ಜೀರ್ಣವಾಗಲು ಡಾಕ್ಟರು ಎನ್‌ಜೈಮ್ ಕ್ಯಾಪ್ಸೂಲ್ ಕೊಡುತ್ತಾರೆ. ಅದನ್ನು ಊಟಕ್ಕೆ ಮುಂಚೆಯೋ ಆಮೇಲೋ ಅಲ್ಲ, ಮೊದಲ ತುತ್ತಿನ ಜೊತೆಯೇ ನುಂಗಿಸಬೇಕು. ಅಗಿಯಬಾರದು. ಬಿಡಿಸಿ ಬಿಸಿ ಗಂಜಿಗೆ ಹಾಕಬಾರದು. ಅದು ಹಂದಿಯ ಗ್ರಂಥಿಯಿಂದ ತಯಾರಾಗುವ ಔಷಧಿ. ಅದನ್ನು ಒಲ್ಲದ ಮನೆಯವರು ಸುಮ್ಮನೆ ಬಿಟ್ಟುಬಿಡದೆ ಡಾಕ್ಟರ ಹತ್ತಿರ ಬಿಚ್ಚಿ ಮಾತಾಡಿ.

ನೋವು: 'ಮಾರ್ಫಿನ್ ಕೊಟ್ಟರೆ ಚಟ ಆಗುತ್ತೆ' ಅಂತ ನಮ್ಮ ದೊಡ್ಡಮ್ಮನೂ ಮಾತ್ರೆಗಳನ್ನು ಸೆರಗಿನಲ್ಲಿ ಗಂಟು ಕಟ್ಟಿ ಇಟ್ಟುಕೊಂಡಿದ್ದರು. ಕ್ಯಾನ್ಸರ್ ನೋವಿಗೆ ಡಾಕ್ಟರು ಹೇಳಿದ ಅಳತೆಯಲ್ಲಿ ಕೊಟ್ಟರೆ ಆ ಭಯ ಬೇಡ. ನೋವು ಬರಲಿ ಅಂತ ಕಾಯದೆ ಗಡಿಯಾರ ನೋಡಿ ಕೊಡಬೇಕು. ಇದರಿಂದ ಮಲಬದ್ಧತೆ ಆಗೇ ಆಗುತ್ತದೆ. ಅದಕ್ಕೆ ಔಷಧಿಯನ್ನು ಮೊದಲ ದಿನವೇ ಕೇಳಿ ಪಡೆಯಿರಿ. ಮಾತ್ರೆಗೂ ಬಗ್ಗದ ನೋವಿಗೆ ನರಕ್ಕೆ ಇಂಜೆಕ್ಷನ್ ಕೊಡುವ ದಾರಿಯೂ ಇದೆ.

ತಡ ಮಾಡಬಾರದ್ದು: ಸ್ಟೆಂಟ್ ಹಾಕಿದ ಮೇಲೆ ಚಳಿಜ್ವರ ಬಂದರೆ, ಕಣ್ಣು ಮತ್ತೆ ಹಳದಿಯಾದರೆ, ಕೀಮೋ ನಡೆಯುವಾಗ ಜ್ವರ 100.4 ಡಿಗ್ರಿ ಮುಟ್ಟಿದರೆ, ಒಂದೇ ಕಾಲು ಊದಿ ನೋವಾದರೆ ಬೆಳಗಾಗಲಿ ಅನ್ನಬೇಡಿ. ಅದೇ ಹೊತ್ತಿಗೆ ಆಸ್ಪತ್ರೆಗೆ ಹೊರಡಿ. ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲಿ.

ನಾಲ್ಕು ಊರು, ನಾಲ್ಕು ಕೆಲಸ

ಈಗ ನಿಮ್ಮ ಪಾಲಿನ ವಿಷಯಕ್ಕೆ ಬರೋಣ. ಅಂದರೆ ಪಕ್ಕದ ಮನೆಯವರು, ನೆಂಟರು, ಗೆಳತಿಯರ ವಿಷಯ.

ಸುದ್ದಿ ಹರಡಿದ ಮೊದಲ ವಾರ ದೊಡ್ಡಪ್ಪನ ಮನೆ ಜಾತ್ರೆಯಾಗಿತ್ತು. ಬಂದವರಿಗೆಲ್ಲ ಕಾಫಿ ಮಾಡುವುದೇ ದೊಡ್ಡಮ್ಮನ ಕೆಲಸ. 'ಅಯ್ಯೋ, ಹೆಂಗಿದ್ದವರು ಹೆಂಗಾಗಿಬಿಟ್ರಿ' ಅಂತ ಅವರ ಎದುರಿಗೇ ಕಣ್ಣೀರು. ಒಬ್ಬರು ಕೇರಳದ ಎಣ್ಣೆ ಹೇಳಿದರು, ಇನ್ನೊಬ್ಬರು ಹಣ್ಣಿನ ರಸ ಹೇಳಿದರು, ಮತ್ತೊಬ್ಬರು 'ಕೀಮೋ ಮಾತ್ರ ಮಾಡಿಸಬೇಡಿ' ಅಂದರು. ದಿನಕ್ಕೆ ಮೂವತ್ತು ಫೋನು. ಅದೇ ಕಥೆ ಮೂವತ್ತು ಸಲ. ರಾತ್ರಿ ಅಡುಗೆಮನೆಯ ನೆಲದ ಮೇಲೆ ಕೂತು ದೊಡ್ಡಮ್ಮ, 'ಅವರ ಪಕ್ಕ ಒಂದು ಗಳಿಗೆ ಕೂರಕ್ಕೆ ಆಗ್ತಿಲ್ಲ ಕಣೇ' ಅಂದರು.

ನನಗೆ ಕಣ್ಣು ತೆರೆದದ್ದು ಆಗ. ಅವರಿಗೆ ಉಳಿದಿದ್ದ ಸಮಯವನ್ನು ಎರಡು ತಿಂಗಳು ನಾಟಿ ಔಷಧಿ ತಿಂದಿತ್ತು. ಉಳಿದದ್ದನ್ನು ನಾವು ನೆಂಟರೇ ತಿನ್ನುತ್ತಿದ್ದೆವು.

ಆ ಭಾನುವಾರ ನಾವು ಕೂತು ಕೆಲಸ ಹಂಚಿಕೊಂಡೆವು. ಶಿಡ್ಲಘಟ್ಟದ ಅಣ್ಣ ಆಸ್ಪತ್ರೆಯ ಓಡಾಟ ಮತ್ತು ಫೈಲು ವಹಿಸಿಕೊಂಡ. ಎಲ್ಲ ರಿಪೋರ್ಟು ತಾರೀಖಿನ ಪ್ರಕಾರ ಒಂದೇ ಫೈಲಿನಲ್ಲಿ, ಮೊದಲ ಹಾಳೆಯಲ್ಲಿ ಈಗ ಕೊಡುತ್ತಿರುವ ಮಾತ್ರೆಗಳ ಪಟ್ಟಿ. ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಹಿಂದಿನ ರಾತ್ರಿ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದ. ಚಿಂತಾಮಣಿಗೆ ಕೊಟ್ಟಿರುವ ಅಕ್ಕ ಅಡುಗೆ ವಹಿಸಿಕೊಂಡಳು. ವಾರಕ್ಕೆ ಎರಡು ಸಲ ಹುರಿಹಿಟ್ಟು, ಸಾರಿನ ಪುಡಿ, ಮನೆಯವರಿಗೆಲ್ಲ ಒಂದು ಹೊತ್ತಿನ ಸಾರು ಬಸ್ಸಿನಲ್ಲಿ ಬರುತ್ತಿತ್ತು. ಗೌರಿಬಿದನೂರಿನ ಚಿಕ್ಕಮ್ಮ ಹದಿನೈದು ದಿನಕ್ಕೊಮ್ಮೆ ಬಂದು ಎರಡು ರಾತ್ರಿ ಉಳಿಯುತ್ತಿದ್ದರು. ಆ ಎರಡು ರಾತ್ರಿ ದೊಡ್ಡಮ್ಮ ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಿದ್ದೆ ಮಾಡುತ್ತಿದ್ದರು. ಚಿಕ್ಕಬಳ್ಳಾಪುರದ ನನ್ನ ಪಾಲಿಗೆ ಬಂದದ್ದು ಫೋನು. ಯಾರೇ ವಿಚಾರಿಸಬೇಕಾದರೂ ನನಗೆ ಮಾಡಬೇಕು. ನಾನು ಸಂಜೆ ಒಮ್ಮೆ ಎಲ್ಲರಿಗೂ ಒಂದೇ ಸುದ್ದಿ ಹೇಳುತ್ತಿದ್ದೆ.

ದೊಡ್ಡ ಉಪಕಾರ ಅಲ್ಲ ಇದು. ಆದರೆ ಒಂದೇ ವಾರದಲ್ಲಿ ದೊಡ್ಡಮ್ಮ ಸಂಜೆ ಹೊತ್ತು ಜಗುಲಿಯಲ್ಲಿ ದೊಡ್ಡಪ್ಪನ ಪಕ್ಕ ಕೂತಿರುವುದು ನೋಡಿದೆ. ಮಾತೇನೂ ಇರಲಿಲ್ಲ. ಗೂಡಿನ ರೇಟು ಎಷ್ಟಾಯಿತು ಅಂತ ಅವರು ಕೇಳುತ್ತಿದ್ದರು, ಇವರು ಹೇಳುತ್ತಿದ್ದರು.

ನೀವೇನು ಮಾಡಬಹುದು?

* 'ಏನಾದರೂ ಬೇಕಿದ್ದರೆ ಹೇಳಿ' ಅನ್ನಬೇಡಿ. ಯಾರೂ ಹೇಳುವುದಿಲ್ಲ. 'ನಾಳೆ ಮಧ್ಯಾಹ್ನದ ಸಾರು ನಮ್ಮನೆಯಿಂದ', 'ಮಕ್ಕಳನ್ನು ಸ್ಕೂಲಿಗೆ ನಾನು ಬಿಡ್ತೀನಿ' ಅಂತ ಹೇಳಿ, ಮಾಡಿ.
* ನೋಡಲು ಹೋಗುವ ಮುಂಚೆ ಕೇಳಿ. ಹತ್ತು ನಿಮಿಷ ಕೂತು ಎದ್ದು ಬನ್ನಿ. ಕಾಫಿ ಬೇಡ ಅನ್ನಿ.
* ಔಷಧಿ, ಹರಕೆ, ಶಾಸ್ತ್ರ ಯಾವ ಸಲಹೆಯನ್ನೂ ಕೇಳದೆ ಕೊಡಬೇಡಿ. ಅದೇ ಕಾಯಿಲೆಯಲ್ಲಿ ತೀರಿಹೋದವರ ಕಥೆ ಹೇಳಬೇಡಿ.
* ರೋಗಿಯ ಜೊತೆ ಕಾಯಿಲೆ ಬಿಟ್ಟು ಬೇರೆ ಮಾತಾಡಿ. ಮಳೆ, ಬೆಳೆ, ಮದುವೆ, ಟೊಮೆಟೊ ರೇಟು, ಏನಾದರೂ ಸರಿ.
* ದುಡ್ಡು ಕೊಡುವುದಾದರೆ ಲಕೋಟೆಯಲ್ಲಿಟ್ಟು ಸುಮ್ಮನೆ ಕೊಡಿ. ನಾಲ್ಕು ಜನರೆದುರು ಬೇಡ.

ಹೇಳಬೇಕಾ, ಬೇಡವಾ?

'ಅವರಿಗೆ ಮಾತ್ರ ಹೇಳಬೇಡಿ ಡಾಕ್ಟ್ರೇ'. ನಮ್ಮ ಮನೆಗಳಲ್ಲಿ ಮೊದಲು ಬರುವ ಮಾತೇ ಇದು. ನಾವೂ ಹುಣ್ಣು ಅಂತ ಹೇಳಿದ್ದೆವು. ಒಂದು ತಿಂಗಳಾದ ಮೇಲೆ ದೊಡ್ಡಪ್ಪನೇ ಅಣ್ಣನನ್ನು ಕರೆದು, 'ಕಿದ್ವಾಯಿಗೆ ಹುಣ್ಣಿಗೆ ಕರ್ಕೊಂಡು ಹೋಗ್ತಾರೇನೋ?' ಅಂದರು. ಅಣ್ಣ ಅತ್ತುಬಿಟ್ಟ. ಅಪ್ಪನೇ ಮಗನನ್ನು ಸಮಾಧಾನ ಮಾಡಿದರು. ಅವರಿಗೆ ಎಲ್ಲ ಗೊತ್ತಿತ್ತು. ಗೊತ್ತಿಲ್ಲದಂತೆ ನಟಿಸುವ ಭಾರವೊಂದು ಮೇಲೆ ಇತ್ತು, ಅಷ್ಟೇ.

ಎಲ್ಲವನ್ನೂ ಒಂದೇ ದಿನ ಹೇಳಬೇಕೆಂದಿಲ್ಲ. ಅವರು ಎಷ್ಟು ಕೇಳುತ್ತಾರೋ ಅಷ್ಟಕ್ಕೆ ಸುಳ್ಳಿಲ್ಲದೆ ಉತ್ತರ ಕೊಡಿ. ಗೊತ್ತಾದವರು ತಮ್ಮ ಕೆಲಸ ಮುಗಿಸಿಕೊಳ್ಳುತ್ತಾರೆ. ದೊಡ್ಡಪ್ಪ ಬ್ಯಾಂಕಿನ ಪಾಸ್‌ಬುಕ್ಕು, ಕೊಡಬೇಕಾದ್ದು ಬರಬೇಕಾದ್ದು, ಜಮೀನಿನ ಪಹಣಿ ಎಲ್ಲ ಬರೆಸಿದರು. ಖಾತೆಗಳಿಗೆ ದೊಡ್ಡಮ್ಮನ ಹೆಸರು ನಾಮಿನಿಯಾಗಿ ಇದೆಯಾ ಅಂತ ನೋಡಿಸಿದರು. ಹೆಂಗಸರು ಇದನ್ನು ಕೇಳುವುದು ಅಪಶಕುನ ಅಂದುಕೊಳ್ಳುತ್ತೇವೆ. ಅಲ್ಲ. ಆಮೇಲೆ ಕಚೇರಿ ಅಲೆಯುವವರು ನಾವೇ ತಾನೆ?

ಮಕ್ಕಳಿಗೂ ಅವರ ವಯಸ್ಸಿಗೆ ತಕ್ಕಂತೆ ಹೇಳಿ. ತಾತನಿಗೆ ದೊಡ್ಡ ಕಾಯಿಲೆ, ಅದು ನಿನ್ನಿಂದ ಬಂದದ್ದಲ್ಲ, ನೀನು ಅವರ ಹತ್ತಿರ ಕೂರಬಹುದು. ಇಷ್ಟು ಸಾಕು.

ನೋಡಿಕೊಳ್ಳುವವಳಿಗೂ ಮನಸ್ಸು ಕುಸಿಯುತ್ತದೆ. ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನಿಸಿದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮನಸ್ ಎಂಬ ಸರ್ಕಾರದ ಉಚಿತ ಸಹಾಯವಾಣಿ ಅದು. 2022ರಲ್ಲಿ ಶುರುವಾಯಿತು. ಕನ್ನಡದಲ್ಲೇ ಮಾತಾಡಬಹುದು.

ವಾಸಿಯಾಗದು ಅಂದಾಗ

'ಇನ್ನು ಮನೆಗೆ ಕರ್ಕೊಂಡು ಹೋಗಿ' ಅಂದರೆ ಇನ್ನೇನೂ ಮಾಡಲು ಉಳಿದಿಲ್ಲ ಅಂತ ಅರ್ಥವಲ್ಲ. ನೋವು, ವಾಂತಿ, ಉಸಿರಾಟದ ತೊಂದರೆ ತಗ್ಗಿಸಿ ನೆಮ್ಮದಿ ಕೊಡುವುದೂ ಒಂದು ಚಿಕಿತ್ಸೆ. ಉಪಶಮನ ಆರೈಕೆ ಅನ್ನುತ್ತಾರೆ. ಕಾಯಿಲೆ ಗೊತ್ತಾದ ದಿನದಿಂದಲೇ ಇದನ್ನು ಕೇಳಬಹುದು. ಕೊನೆಯ ದಿನಕ್ಕೆ ಕಾಯಬೇಕಿಲ್ಲ. ಬೆಂಗಳೂರಿನ ಮಾರತ್ತಹಳ್ಳಿ ಕಡೆ, ವರ್ತೂರು ರಸ್ತೆಯಲ್ಲಿ ಕರುಣಾಶ್ರಯ ಇದೆ. 1994ರಲ್ಲಿ ಹುಟ್ಟಿದ ಟ್ರಸ್ಟು 1999ರಿಂದ ಅದನ್ನು ನಡೆಸುತ್ತಿದೆ. ವಾಸಿಯಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಚಿಂತಾಮಣಿ, ಶಿಡ್ಲಘಟ್ಟದಿಂದ ಹೊಸಕೋಟೆ ಮೇಲೆ ಹೋದರೆ ಊರೊಳಗಿನ ಟ್ರಾಫಿಕ್ಕೂ ಅಷ್ಟಿಲ್ಲ. ಅಲ್ಲಿಗೆ ಸೇರಿಸುವುದು 'ಕೈಬಿಟ್ಟ' ಹಾಗಲ್ಲ.

ದೊಡ್ಡಪ್ಪ ಮನೆಯಲ್ಲೇ ಇರುತ್ತೇನೆ ಅಂದರು. ದೀಪಾವಳಿ ಕಳೆದು ಒಂಬತ್ತನೇ ದಿನ, ಬೆಳಗಿನ ಜಾವ, ಗೂಡಿನ ಮಾರುಕಟ್ಟೆಗೆ ಹೊರಡುವ ಹೊತ್ತಿಗೆ ಹೋದರು. ನೋವಿರಲಿಲ್ಲ. ದೊಡ್ಡಮ್ಮನ ಕೈ ಅವರ ಹಣೆಯ ಮೇಲಿತ್ತು.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಮನೆ ಖಾಲಿಯಾಗುತ್ತದೆ ನೋಡಿ, ಆಗ ಹೋಗಿ. ತಿಂಗಳಾದ ಮೇಲೆ ಒಂದು ಫೋನ್ ಮಾಡಿ. ಮೊದಲ ಹಬ್ಬದ ದಿನ ಒಬ್ಬರನ್ನೇ ಬಿಡಬೇಡಿ. ಚಿಂತಾಮಣಿಯ ಅಕ್ಕ ಈಗಲೂ ಬಸ್ಸಿನಲ್ಲಿ ಸಾರಿನ ಪುಡಿ ಕಳಿಸುತ್ತಾಳೆ.

ನವೆಂಬರ್ ತಿಂಗಳ ಮೂರನೇ ಗುರುವಾರವನ್ನು ಈ ಕಾಯಿಲೆಯ ಅರಿವಿನ ದಿನ ಅಂತ ಪ್ರಪಂಚದಾದ್ಯಂತ ಆಚರಿಸುತ್ತಾರೆ. ಅದರ ಬಣ್ಣ ನೇರಳೆ. ನಮಗೆ ಬ್ಯಾನರು, ರಿಬ್ಬನ್ನು ಬೇಡ. ಇವತ್ತು ನಿಮ್ಮ ಬೀದಿಯಲ್ಲಿ ಯಾರಾದರೂ 'ನಮ್ಮನೆಯವರಿಗೆ ಕಣ್ಣು ಹಳದಿಯಾಗಿದೆ, ನೆಲನೆಲ್ಲಿ ಸಿಗುತ್ತಾ?' ಅಂತ ಕೇಳಿಕೊಂಡು ಬಂದರೆ, ಸೊಪ್ಪು ಕೀಳುವ ಮುಂಚೆ ಎರಡು ಪ್ರಶ್ನೆ ಕೇಳಿ. 'ರಕ್ತ ಪರೀಕ್ಷೆ ಮಾಡಿಸಿದ್ರಾ? ಸ್ಕ್ಯಾನ್ ಆಯ್ತಾ?' ಇಲ್ಲ ಅಂದರೆ ಸೆರಗು ಸರಿಮಾಡಿಕೊಂಡು ನೀವೂ ಜೊತೆಗೆ ಹೊರಡಿ. ನಾನಂತೂ ಈಗ ಹಾಗೇ ಮಾಡುತ್ತೇನೆ.